ಆ್ಯರನ್ ದ್ವೀಪಕ್ಕೆ ಸೈಕಲ್ ಪ್ರದಕ್ಷಿಣೆ ಹಾಕುವುದು ಹೇಗೆ

ಮೊದಲೇ ಮುಖ್ಯ ವಿಷಯ ಹೇಳಿಬಿಡುತ್ತೇನೆ. ಆ್ಯರನ್ ದ್ವೀಪವನ್ನು ಸೈಕಲ್ಲಿನಲ್ಲಿ ಸುತ್ತುವುದಾದರೆ ಪ್ರದಕ್ಷಿಣೆ ಹಾಕಿ, ಅಪ್ರದಕ್ಷಿಣೆ ಬೇಡ. ದೇವಸ್ಥಾನ ಸುತ್ತುವಾಗ ಗರ್ಭಗುಡಿ ಬಲಗಡೆ ಇರುತ್ತದಲ್ವಾ, ಹಾಗೆ ದ್ವೀಪ ನಿಮ್ಮ ಬಲಕ್ಕೆ, ಸಮುದ್ರ ಎಡಕ್ಕೆ. ಇನ್ನೊಂದು ಮಾತು, ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ, ಎರಡು ದಿನ ಇಟ್ಟುಕೊಳ್ಳಿ. ಇವೆರಡನ್ನು ಪಾಲಿಸಿದರೆ ಇದು ಮಧ್ಯಮ ಕಷ್ಟದ, ನೆನಪಿನಲ್ಲಿ ಉಳಿಯುವ ಸವಾರಿ. ಪಾಲಿಸದಿದ್ದರೆ ಅದೇ ರಸ್ತೆ ನಿಮ್ಮನ್ನು ಹಿಂಡಿಬಿಡುತ್ತದೆ. ಎರಡೂ ನನಗೆ ಆಗಿದೆ.

ಆ್ಯರನ್ ಇರುವುದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಕ್ಲೈಡ್ ಕೊಲ್ಲಿಯ ಬಾಯಲ್ಲಿ. 432 ಚದರ ಕಿಲೋಮೀಟರ್ ವಿಸ್ತಾರ. ಸುತ್ತಲೂ ಒಂದೇ ಮುಖ್ಯ ರಸ್ತೆ. ಪೂರ್ತಿ ಸುತ್ತು 55 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 90 ಕಿ.ಮೀ. ಗ್ಲಾಸ್ಗೋದಲ್ಲಿರುವ ನನಗೆ ಇದು ಹತ್ತಿರದ ಜಾಗ, ಆದ್ದರಿಂದ ನಾಲ್ಕು ಸಲ ಹೋಗಿದ್ದೇನೆ. ಒಮ್ಮೆ ತೀರ್ಥಹಳ್ಳಿಯಿಂದ ಬಂದ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ, ಅವರ ವಿಷಯ ಮುಂದೆ ಬರುತ್ತದೆ.

ಕಷ್ಟ ಎಷ್ಟು ಅಂತ ಕೇಳಿದರೆ ಹೀಗೆ ಹೇಳಬಹುದು. ಪೂರ್ತಿ ಸುತ್ತಿನಲ್ಲಿ ಒಟ್ಟು ಏರು ಸಾವಿರ ಮೀಟರಿನ ಹತ್ತಿರ. ಬೆಂಗಳೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ ನಂದಿ ಬೆಟ್ಟವನ್ನು ಎರಡು ಸಲ ಹತ್ತಿದಷ್ಟು. ಆದರೆ ಇಲ್ಲಿ ಒಂದೇ ಉದ್ದ ಘಾಟಿ ಇಲ್ಲ. ಏರು ತುಂಡುತುಂಡಾಗಿ ಬರುತ್ತದೆ. ಹತ್ತುತ್ತೀರಿ, ಇಳಿಯುತ್ತೀರಿ, ಉಸಿರು ಬಿಡುವಷ್ಟರಲ್ಲಿ ಮತ್ತೆ ಹತ್ತುತ್ತೀರಿ. ವಾರಕ್ಕೆ ಎರಡು ಸಲ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸುವ ಅಭ್ಯಾಸ ಇದ್ದರೆ ಎರಡು ದಿನದಲ್ಲಿ ಆರಾಮಾಗಿ ಆಗುತ್ತದೆ. ಸೈಕಲ್ ಮುಟ್ಟಿ ವರ್ಷವಾಗಿದ್ದರೆ ಇ-ಬೈಕ್, ಅಂದರೆ ಬ್ಯಾಟರಿಯ ನೆರವಿರುವ ಸೈಕಲ್ ತಗೊಳ್ಳಿ, ಅದರಲ್ಲಿ ಮುಜುಗರ ಏನೂ ಇಲ್ಲ.

ಪ್ರದಕ್ಷಿಣೆ ಯಾಕೆ

ಮೂರು ಕಾರಣ ಇದೆ, ಮೂರೂ ಗಟ್ಟಿ ಕಾರಣಗಳು.

ಮೊದಲನೆಯದು ಗಾಳಿ. ಇಲ್ಲಿ ಹೆಚ್ಚಿನ ದಿನ ಗಾಳಿ ನೈರುತ್ಯದಿಂದ ಬೀಸುತ್ತದೆ. ದ್ವೀಪದ ಪಶ್ಚಿಮ ದಂಡೆ ಪೂರ್ತಿ ಬಯಲು, ಮರದ ಮರೆ ಕಡಿಮೆ. ಪ್ರದಕ್ಷಿಣೆ ಹೋದರೆ ಆ ದಂಡೆಯಲ್ಲಿ ನೀವು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತೀರಿ, ಗಾಳಿ ಬೆನ್ನಿಗೆ. ಅಪ್ರದಕ್ಷಿಣೆ ಹೋದರೆ ಅದೇ ಗಾಳಿ ಮುಖಕ್ಕೆ. ನಾನು ಮೊದಲ ಸಲ ಹೋದಾಗ ಇದು ಗೊತ್ತಿರಲಿಲ್ಲ. ಉತ್ತರದ ದೊಡ್ಡ ಏರನ್ನು ಮೊದಲೇ ಮುಗಿಸಿದರೆ ಒಳ್ಳೇದು ಅಂದುಕೊಂಡು, ಬೋಟ್ ಇಳಿದು ಎಡಕ್ಕೆ ಹೋಗುವ ಬದಲು ಬಲಕ್ಕೆ ತಿರುಗಿದೆ. ಏರು ಸಲೀಸಾಗಿಯೇ ಮುಗಿಯಿತು. ಆಮೇಲೆ ಪಶ್ಚಿಮದ ಸಮತಟ್ಟು ರಸ್ತೆಯಲ್ಲಿ ಆಷಾಢದ ಗಾಳಿಯಂಥ ಗಾಳಿ ಎದುರಿಗೆ ನಿಂತುಬಿಟ್ಟಿತು. ಸಮತಟ್ಟು ರಸ್ತೆಯಲ್ಲಿ ಕೆಳಗಿನ ಗೇರಿಗೆ ಇಳಿದು ಪೆಡಲ್ ತುಳಿಯುವುದು ಎಷ್ಟು ಬೇಸರ ಅಂತ ಅವತ್ತು ಗೊತ್ತಾಯಿತು. ದಕ್ಷಿಣದ ಗುಡ್ಡಗಳು ಶುರುವಾಗುವ ಹೊತ್ತಿಗೆ ಕಾಲು ಸೋತಿತ್ತು, ಕೊನೆಯ ಬೋಟೂ ತಪ್ಪಿತು. ರಾತ್ರಿ ಉಳಿಯುವ ಜಾಗಕ್ಕೆ ಬಾಗಿಲು ಬಾಗಿಲು ತಟ್ಟಬೇಕಾಯಿತು.

ಎರಡನೆಯದು ಏರುಗಳ ಸರದಿ. ದಕ್ಷಿಣದ ಕಡೆ ಸಣ್ಣಸಣ್ಣ ಏರು ಜಾಸ್ತಿ. ಕಾಲು ಹೊಸದಾಗಿರುವಾಗಲೇ ಅವನ್ನು ಮುಗಿಸಿಬಿಡಬೇಕು.

ಮೂರನೆಯದು ಸಮುದ್ರ. ಬ್ರಿಟನ್ನಿನಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದು. ಪ್ರದಕ್ಷಿಣೆ ಹೋದರೆ ನೀರಿನ ಅಂಚು ನಿಮ್ಮ ಬದಿಯಲ್ಲೇ ಇರುತ್ತದೆ. ನಿಲ್ಲಬೇಕು ಅನಿಸಿದಲ್ಲಿ ರಸ್ತೆ ದಾಟದೆ ನಿಲ್ಲಬಹುದು. ಇಲ್ಲಿ ಹತ್ತು ನಿಮಿಷಕ್ಕೊಮ್ಮೆ ನಿಲ್ಲಬೇಕು ಅನಿಸುತ್ತದೆ.

ಒಂದು ವಿನಾಯಿತಿ ಇದೆ. ಹೊರಡುವ ಹಿಂದಿನ ರಾತ್ರಿ ಹವಾಮಾನ ನೋಡಿ, ಗಾಳಿ ಉತ್ತರದಿಂದ ಅಂತ ಇದ್ದರೆ ದಿಕ್ಕು ಬದಲಿಸಿ. ನಿಯಮಕ್ಕಿಂತ ಗಾಳಿ ದೊಡ್ಡದು.

ಯಾವಾಗ ಹೋಗಬೇಕು

ಮೇ ತಿಂಗಳು. ನನ್ನ ಮಟ್ಟಿಗೆ ಬೇರೆ ಉತ್ತರವೇ ಇಲ್ಲ. ಈ ಕರಾವಳಿಯಲ್ಲಿ ಮಳೆ ಕಡಿಮೆ ಇರುವ ಕಾಲ ಏಪ್ರಿಲ್‌ನಿಂದ ಜೂನ್‌ವರೆಗೆ. ಬೆಳಕು ರಾತ್ರಿ ಒಂಬತ್ತರವರೆಗೂ ಇರುತ್ತದೆ. ಮುಖ್ಯವಾಗಿ ಮಿಜ್ ಎಂಬ ಹುಳ ಇನ್ನೂ ಎದ್ದಿರುವುದಿಲ್ಲ. ಇದು ನಮ್ಮ ನೊರಜಿನಷ್ಟು ಸಣ್ಣದು, ಆದರೆ ಕಚ್ಚುತ್ತದೆ, ಅದೂ ಗುಂಪುಗುಂಪಾಗಿ. ಜುಲೈ ಆಗಸ್ಟ್‌ನಲ್ಲಿ ಗಾಳಿ ನಿಂತ ಸಂಜೆ ಹೊರಗೆ ಕೂರಲು ಬಿಡುವುದಿಲ್ಲ. ಪೆಡಲ್ ತುಳಿಯುತ್ತಿದ್ದರೆ ತೊಂದರೆ ಇಲ್ಲ, ನಿಂತರೆ ಮುತ್ತುತ್ತದೆ. ಸೆಪ್ಟೆಂಬರ್ ಕೂಡ ಚೆನ್ನ, ಆಗ ಬೆಟ್ಟದ ಹುಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಚಳಿಗಾಲದಲ್ಲಿ ಹೋಗಬೇಡಿ. ಮಧ್ಯಾಹ್ನ ನಾಲ್ಕಕ್ಕೆ ಕತ್ತಲು, ಬೋಟ್ ಯಾವಾಗ ರದ್ದಾಗುತ್ತದೆ ಅಂತ ಹೇಳಲು ಬರುವುದಿಲ್ಲ.

ದ್ವೀಪ ತಲುಪುವುದು

ಗ್ಲಾಸ್ಗೋ ಸೆಂಟ್ರಲ್ ಸ್ಟೇಷನ್ನಿನಿಂದ ರೈಲು. ಸೈಕಲ್ಲಿಗೆ ಬೇರೆ ಟಿಕೆಟ್ ಇಲ್ಲ. ದ್ವೀಪದ ಬ್ರಾಡಿಕ್ ಊರಿಗೆ ಬೋಟ್ ಹೋಗುವುದು ಆರ್ಡ್ರೋಸನ್ ಮತ್ತು ಟ್ರೂನ್ ಎಂಬ ಎರಡು ಬಂದರುಗಳಿಂದ. ಯಾವ ದಿನ, ಯಾವ ಹೊತ್ತಿಗೆ, ಯಾವ ಬಂದರು ಅನ್ನುವುದನ್ನು ಬೋಟಿನ ವೇಳಾಪಟ್ಟಿಯಲ್ಲಿ ನೋಡಿಯೇ ರೈಲು ಹತ್ತಿ. ಎರಡೂ ಬೇರೆಬೇರೆ ರೈಲು ದಾರಿಯಲ್ಲಿವೆ. ತಪ್ಪು ಬಂದರಿಗೆ ಹೋದರೆ ಆ ಬೆಳಗು ಹೋಯಿತು ಅಂತಲೇ ಲೆಕ್ಕ. ಆರ್ಡ್ರೋಸನ್ನಿನಿಂದಾದರೆ ಒಂದು ಗಂಟೆಗೆ ಸ್ವಲ್ಪ ಕಡಿಮೆ, ಟ್ರೂನಿನಿಂದಾದರೆ ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ಬೋಟಿನಲ್ಲೂ ಸೈಕಲ್ಲಿಗೆ ದುಡ್ಡಿಲ್ಲ, ನಿಮ್ಮ ಟಿಕೆಟ್ ಮಾತ್ರ.

ವಾಪಸಾಗುವ ದಿನ ಕೊನೆಯ ಬೋಟನ್ನೇ ನಂಬಿಕೊಂಡಿರಬೇಡಿ, ಅದಕ್ಕಿಂತ ಹಿಂದಿನದಕ್ಕೆ ಲೆಕ್ಕ ಹಾಕಿ. ಗಾಳಿ ಜೋರಾದರೆ ಬೋಟ್ ನಿಲ್ಲುತ್ತದೆ. ಮರುದಿನ ಆಫೀಸಿಗೆ ಹೋಗಲೇಬೇಕು ಅನ್ನುವಂಥ ಭಾನುವಾರ ಇದಕ್ಕೆ ಸರಿಯಲ್ಲ.

ಸೈಕಲ್ ಮತ್ತು ಚೀಲ

ಸೈಕಲ್ ಇಲ್ಲದವರಿಗೆ ಬ್ರಾಡಿಕ್‌ನಲ್ಲಿ ಬಾಡಿಗೆಗೆ ಸಿಗುತ್ತದೆ, ಇ-ಬೈಕೂ ಸಿಗುತ್ತದೆ. ಬೇಸಿಗೆಯಲ್ಲಿ ಮುಂಚೆಯೇ ಕಾದಿರಿಸಿ. ಕೈಗೆ ಬಂದ ಕೂಡಲೇ ಎರಡೂ ಬ್ರೇಕ್ ಹಿಡಿದು ನೋಡಿ. ಇದನ್ನು ಒತ್ತಿ ಹೇಳುತ್ತೇನೆ. ಇಲ್ಲಿಯ ಇಳಿಜಾರುಗಳು ತಿರುವಿನಲ್ಲಿ ಮುಗಿಯುತ್ತವೆ, ಆ ತಿರುವಿನಲ್ಲಿ ಕುರಿ ಮಲಗಿರುತ್ತದೆ.

ಸ್ವಂತ ಸೈಕಲ್ ಆದರೆ ತೀರಾ ಸಪೂರ ಟೈರ್ ಬೇಡ. ರಸ್ತೆ ಡಾಂಬರಿನದೇ, ಆದರೆ ದಕ್ಷಿಣ ಮತ್ತು ಪಶ್ಚಿಮದಲ್ಲಿ ಗುಂಡಿ, ತೇಪೆ ಬಹಳ. 32 ಮಿಲಿಮೀಟರ್ ಟೈರ್ ಹಾಕಿದ ಮೇಲೆ ನನಗೆ ಮೈಕೈ ನೋವು ಅರ್ಧಕ್ಕರ್ಧ ಇಳಿಯಿತು. ಹಿಂದಿನ ಚಕ್ರದಲ್ಲಿ ಒಂದಾದರೂ ದೊಡ್ಡ ಹಲ್ಲುಚಕ್ರ ಇರಲಿ, ಏರಿನಲ್ಲಿ ಅದೇ ದೇವರು. ಎರಡು ಟ್ಯೂಬ್, ಪಂಪ್, ಟೈರ್ ಬಿಚ್ಚುವ ಕಡ್ಡಿ, ಹಿಂದೆ ಮುಂದೆ ಲೈಟ್. ಪಶ್ಚಿಮ ದಂಡೆಯಲ್ಲಿ ಫೋನ್ ಸಿಗ್ನಲ್ ಎಷ್ಟೋ ಕಡೆ ಇಲ್ಲ, ಆದ್ದರಿಂದ ಪಂಕ್ಚರ್ ಹಾಕಲು ಮೊದಲೇ ಕಲಿತಿರಬೇಕು.

ಬಟ್ಟೆಯಲ್ಲಿ ಗಾಳಿ ತಡೆಯುವ ಜಾಕೆಟ್ ಒಂದು ಬೇಕೇ ಬೇಕು. ಮಳೆಗಿಂತ ಗಾಳಿಯೇ ಇಲ್ಲಿ ಮೈ ಕೊರೆಯುವುದು. ಏರಿನಲ್ಲಿ ಬೆವರಿ, ಇಳಿಜಾರಿನಲ್ಲಿ ಅದೇ ಬೆವರು ತಣ್ಣಗಾಗುವಾಗ ಹಲ್ಲು ಕಟಕಟ ಅನ್ನುತ್ತದೆ, ಮೇ ತಿಂಗಳಲ್ಲೂ.

ಊಟದ ವಿಷಯ. ನಾನು ಮೊದಲ ದಿನಕ್ಕೆ ಚಪಾತಿಗೆ ಚಟ್ನಿಪುಡಿ ತುಪ್ಪ ಸವರಿ ಸುತ್ತಿ ಒಯ್ಯುತ್ತೇನೆ. ಚಿತ್ರಾನ್ನವೂ ಒಯ್ದಿದ್ದೇನೆ, ಆದರೆ ಗಾಳಿಯಲ್ಲಿ ಡಬ್ಬಿ ತೆರೆದರೆ ಅರ್ಧ ಅನ್ನ ಸಮುದ್ರದ ಪಾಲು. ಎರಡನೇ ದಿನಕ್ಕೆ ಬ್ರಾಡಿಕ್‌ನಲ್ಲಿ ಓಟ್‌ಕೇಕ್ ಮತ್ತು ಇಲ್ಲಿಯದೇ ಚೀಸ್ ತಗೊಂಡರೆ ಸಾಕು, ಹೊಟ್ಟೆ ಗಟ್ಟಿ ಇರುತ್ತದೆ. ಸಸ್ಯಾಹಾರಿಗಳು ಒಂದು ಗಮನಿಸಿ. ಹೋಟೆಲಿನಲ್ಲಿ ಬೇಳೆ ಸೂಪ್ ಅಂತ ಬರೆದಿದ್ದರೂ ಸ್ಕಾಟ್ಲೆಂಡಿನಲ್ಲಿ ಅದನ್ನು ಹಂದಿ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುವ ಪದ್ಧತಿ ಇದೆ. ಕೇಳಿಯೇ ತಿನ್ನಿ.

ಮೊದಲ ದಿನ: ಬ್ರಾಡಿಕ್‌ನಿಂದ ಬ್ಲ್ಯಾಕ್‌ವಾಟರ್‌ಫುಟ್, ಸುಮಾರು 38 ಕಿ.ಮೀ.

ಬೋಟ್ ಇಳಿದು ಬ್ರಾಡಿಕ್ ಬಂದರಿನಿಂದ ಎಡಕ್ಕೆ, ಅಂದರೆ ದಕ್ಷಿಣಕ್ಕೆ ತಿರುಗಿ. ಬೋಟಿನಿಂದ ಇಳಿಯುವ ಕಾರುಗಳೆಲ್ಲ ಒಂದೇ ಸಲಕ್ಕೆ ನುಗ್ಗುತ್ತವೆ. ಅವು ಹೋಗಲಿ ಅಂತ ಹದಿನೈದು ನಿಮಿಷ ಒಂದು ಕಾಫಿ ಕುಡಿಯಿರಿ. ಆಮೇಲೆ ರಸ್ತೆ ಖಾಲಿ. ದ್ವೀಪದ ವಾಹನಗಳ ಗುಟ್ಟು ಇಷ್ಟೇ. ಬೋಟ್ ಬಂದಾಗ ಗದ್ದಲ, ಮಿಕ್ಕ ಹೊತ್ತು ಮೌನ.

ಊರು ಬಿಡುತ್ತಿದ್ದ ಹಾಗೇ ಏರು. ಮೈ ಬಿಸಿಯಾಗುವ ಮೊದಲೇ ಬರುವುದರಿಂದ ಇದು ಇರುವುದಕ್ಕಿಂತ ಕಷ್ಟ ಅನಿಸುತ್ತದೆ. ಮೊದಲಿನಿಂದಲೇ ಚಿಕ್ಕ ಗೇರಿಗೆ ಇಳಿದು ನಿಧಾನ ಹತ್ತಿ, ಮೇಲೆ ನಿಂತು ಹಿಂದೆ ತಿರುಗಿ ನೋಡಿ. 874 ಮೀಟರಿನ ಗೋಟ್‌ಫೆಲ್ ಬೆಟ್ಟ ಕೊಲ್ಲಿಯ ಆಚೆ ನಿಂತಿರುತ್ತದೆ. ಅಲ್ಲಿಂದ ಇಳಿದರೆ ಲ್ಯಾಮ್ಲಾಶ್.

ಲ್ಯಾಮ್ಲಾಶ್‌ನಲ್ಲಿ ಅರ್ಧ ಗಂಟೆ ಕೂರಲೇಬೇಕು ಅಂತ ನಾನು ಹೇಳುತ್ತೇನೆ. ಎದುರಿಗೆ ಹೋಲಿ ಐಲ್ ಎಂಬ ಚಿಕ್ಕ ದ್ವೀಪ ಕೊಲ್ಲಿಗೆ ಬಾಗಿಲು ಹಾಕಿದ ಹಾಗೆ ನಿಂತಿದೆ. 1992ರಿಂದ ಅದು ಟಿಬೆಟನ್ ಬೌದ್ಧರ ಕೈಯಲ್ಲಿದೆ. ಬೈಲಕುಪ್ಪೆಯ ಪ್ರಾರ್ಥನಾ ಬಾವುಟ ನೋಡಿ ಬೆಳೆದವರಿಗೆ ಇಲ್ಲಿ, ಇಷ್ಟು ದೂರದ ಸಮುದ್ರದ ನಡುವೆ ಆ ಹೆಸರು ಕೇಳಿದಾಗ ಏನೋ ಹತ್ತಿರದ್ದು ಅನಿಸುತ್ತದೆ. ಇದೇ ಕೊಲ್ಲಿಯಲ್ಲಿ 1263ರಲ್ಲಿ ನಾರ್ವೆಯ ರಾಜ ಹಾಕೋನ್ ತನ್ನ ಹಡಗುಗಳನ್ನು ನಿಲ್ಲಿಸಿದ್ದ. ಮತ್ತೆ 2008ರಲ್ಲಿ ಇದರ ಒಂದು ಭಾಗವನ್ನು ಮೀನು, ಚಿಪ್ಪು ಏನನ್ನೂ ಹಿಡಿಯಬಾರದ ಜಾಗ ಅಂತ ಘೋಷಿಸಿದರು. ಸ್ಕಾಟ್ಲೆಂಡಿನಲ್ಲಿ ಅದೇ ಮೊದಲು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದು ಈ ಊರಿನ ಜನ. ಬಲೆ ಎಳೆದು ಎಳೆದು ಸಮುದ್ರದ ತಳ ಬರಿದಾಗಿದ್ದನ್ನು ಕಂಡವರು ಅವರೇ. ನಮ್ಮ ಮಲ್ಪೆ, ಕಾರವಾರದ ಕಡೆಯವರು ಬಂದರೆ ಇದನ್ನು ನೋಡಿ ಹೋಗಬೇಕು ಅಂತ ನನಗೆ ತುಂಬಾ ಆಸೆ.

ಲ್ಯಾಮ್ಲಾಶ್‌ನಲ್ಲಿ ದೊಡ್ಡ ಅಂಗಡಿ ಇದೆ, ನೀರು ತಿಂಡಿ ತುಂಬಿಸಿಕೊಳ್ಳಿ. ಮತ್ತೆ ಒಂದು ಏರು, ಒಂದು ಇಳಿತ, ವೈಟಿಂಗ್ ಬೇ. ಸಮುದ್ರಕ್ಕೆ ಮುಖ ಮಾಡಿದ ಉದ್ದನೆಯ ಊರು. ಇಲ್ಲಿಂದ ಗ್ಲೆನಾಶ್‌ಡೇಲ್ ಜಲಪಾತಕ್ಕೆ ಕಾಲುದಾರಿ ಇದೆ. ಜೋಗ ನೋಡಿದವರು ಅದನ್ನು ಬಿಟ್ಟರೂ ನಷ್ಟವಿಲ್ಲ, ಕಾಲಿನ ಶಕ್ತಿ ಮುಂದಿನ ಏರಿಗೆ ಉಳಿಸಿಕೊಳ್ಳಿ.

ವೈಟಿಂಗ್ ಬೇ ದಾಟಿದ ಮೇಲೆ ರಸ್ತೆ ಎತ್ತರಕ್ಕೆ ಹೋಗಿ ದ್ವೀಪದ ದಕ್ಷಿಣ ತುದಿಯನ್ನು ಮೇಲಿನಿಂದ ಬಳಸುತ್ತದೆ. ಎಡಕ್ಕೆ ಕಿಲ್‌ಡೊನನ್ ಕಡೆಗೆ ಒಂದು ಕವಲು ಇಳಿಯುತ್ತದೆ. ಇಳಿದರೆ ಮತ್ತೆ ಹತ್ತಬೇಕು, ಅದೂ ಕಡಿದಾದ ಏರು. ಹಾಗಾಗಿ ತುಂಬಾ ಜನ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಕೆಳಗೆ ಕಪ್ಪು ಬಂಡೆಗಳ ಸಾಲುಗಳು ಸಮುದ್ರದೊಳಕ್ಕೆ ಗೋಡೆಯ ಹಾಗೆ ಹೋಗಿವೆ. ಆ ಬಂಡೆಗಳ ಮೇಲೆ ಸೀಲ್‌ಗಳು ಬಾಳೆಹಣ್ಣಿನ ಹಾಗೆ ಬಾಗಿ, ತಲೆ ಬಾಲ ಎರಡೂ ಎತ್ತಿ ಮಲಗಿರುತ್ತವೆ. ಎದುರಿಗೆ ಪ್ಲಾಡಾ ದ್ವೀಪದ ದೀಪಸ್ತಂಭ, 1790ರದ್ದು. ಅದರ ಹಿಂದೆ ದೂರದಲ್ಲಿ ಐಲ್ಸಾ ಕ್ರೇಗ್, ಲಿಂಗದ ಹಾಗೆ ಗುಂಡಗೆ ಎದ್ದ ಒಂಟಿ ಬಂಡೆ. ಹಿಮದ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟವನ್ನು ಒಲಿಂಪಿಕ್ಸಿನಲ್ಲಿ ನೋಡಿರುತ್ತೀರಲ್ವಾ, ಆ ಆಟದ ಕಲ್ಲು ಈ ಬಂಡೆಯ ಗ್ರಾನೈಟಿನಿಂದ ಬರುತ್ತದೆ. ಸೀಲ್‌ಗಳ ಹತ್ತಿರ ಹೋಗಬೇಡಿ, ಹೆದರಿ ನೀರಿಗೆ ಬಿದ್ದರೆ ಅವುಗಳ ವಿಶ್ರಾಂತಿ ಕೆಡುತ್ತದೆ. ದಂಡೆಯಲ್ಲಿ ಸುಮ್ನೆ ಕೂತರೆ ಅವೇ ನಿಮ್ಮನ್ನು ನೋಡಲು ತಲೆ ಎತ್ತುತ್ತವೆ.

ಕಿಲ್‌ಡೊನನ್‌ನಿಂದ ಮೇಲೆ ಬಂದು ಲ್ಯಾಗ್, ಆಮೇಲೆ ಬ್ಲ್ಯಾಕ್‌ವಾಟರ್‌ಫುಟ್‌ವರೆಗೆ ಸುಮಾರು 18 ಕಿ.ಮೀ. ಈ ಭಾಗವೇ ಪೂರ್ತಿ ಸುತ್ತಿನಲ್ಲಿ ತಾಳ್ಮೆ ಕೇಳುವುದು. ದೊಡ್ಡ ಏರು ಒಂದೂ ಇಲ್ಲ, ಸಣ್ಣವು ಮುಗಿಯುವುದೇ ಇಲ್ಲ. ಹಳ್ಳ ಬಂದಲ್ಲೆಲ್ಲ ರಸ್ತೆ ಧುಮುಕಿ ಮತ್ತೆ ಎದ್ದು ಬರುತ್ತದೆ. ಒಂದು ಉಪಾಯ ಹೇಳುತ್ತೇನೆ. ಇಳಿಜಾರಿನ ಕೊನೆಗೆ, ವೇಗ ಇರುವಾಗಲೇ, ಗೇರ್ ಇಳಿಸಿ ಇಟ್ಟುಕೊಳ್ಳಿ. ಏರು ಶುರುವಾದ ಮೇಲೆ ಒತ್ತಡದಲ್ಲಿ ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ. ಸುತ್ತ ಹಸು, ಕುರಿ, ಹುಲ್ಲುಗಾವಲು, ಎಡಕ್ಕೆ ಸಮುದ್ರ. ಲ್ಯಾಗ್‌ನಲ್ಲಿ ಮರಗಳ ನಡುವಿನ ತಗ್ಗು ತಂಪಾಗಿದೆ, ಅಲ್ಲಿ ಹೊಟ್ಟೆಗೆ ಏನಾದರೂ ಹಾಕಿಕೊಂಡು ಮುಂದೆ ಹೋಗಿ. 2019ರಲ್ಲಿ ಶುರುವಾದ ವಿಸ್ಕಿ ಭಟ್ಟಿ ಅಲ್ಲೇ ಇದೆ. ಸೈಕಲ್ ಓಡಿಸುವವರು ವಿಸ್ಕಿ ರುಚಿಯನ್ನು ಸಂಜೆಗೆ ಇಟ್ಟುಕೊಳ್ಳಬೇಕು.

ಬ್ಲ್ಯಾಕ್‌ವಾಟರ್‌ಫುಟ್‌ನಲ್ಲಿ ರಾತ್ರಿ ಉಳಿಯಿರಿ. ಊರು ಪಶ್ಚಿಮಕ್ಕೆ ಮುಖ ಮಾಡಿದೆ. ಕಿಂಟೈರ್ ಬೆಟ್ಟಗಳ ಹಿಂದೆ ಸೂರ್ಯ ಇಳಿಯುವುದನ್ನು ನೋಡಲು ಮೇ ತಿಂಗಳಲ್ಲಿ ಒಂಬತ್ತೂವರೆವರೆಗೆ ಕಾಯಬೇಕು. ಊಟ ಮಾತ್ರ ಎಂಟರ ಒಳಗೆ ಮುಗಿಸಿ, ಆಮೇಲೆ ಅಡುಗೆಮನೆ ಮುಚ್ಚಿಬಿಡುತ್ತಾರೆ. ಟೆಂಟ್ ಹಾಕುವವರಿಗೆ ಒಂದು ಮಾತು. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಪ್ರಕಾರ ಖಾಲಿ ಜಾಗದಲ್ಲಿ ಒಂದೆರಡು ರಾತ್ರಿ ಟೆಂಟ್ ಹಾಕುವ ಹಕ್ಕು ಇದೆ. ಮನೆ, ಬೆಳೆ, ದನದ ಬೇಲಿಯಿಂದ ದೂರ ಇರಬೇಕು, ಒಂದು ಕಾಗದದ ಚೂರೂ ಬಿಡಬಾರದು.

ಎರಡನೇ ದಿನ: ಪಶ್ಚಿಮ ದಂಡೆ, ಬೋಗಿಲಿ ಏರು, ಬ್ರಾಡಿಕ್. ಸುಮಾರು 52 ಕಿ.ಮೀ.

ಹೊರಡುವ ಮೊದಲು ನೀರು, ತಿಂಡಿ ತುಂಬಿಸಿಕೊಳ್ಳಿ. ಮುಂದೆ ಅಂಗಡಿ ಇದೆ ಅಂತ ನಂಬಿ ಹೋಗಬೇಡಿ. ಒಮ್ಮೆ ಭಾನುವಾರ ಹಾಗೆ ನಂಬಿ ಹೋಗಿ, ಮುಚ್ಚಿದ ಬಾಗಿಲಿನ ಮುಂದೆ ಖಾಲಿ ಬಾಟಲಿ ಹಿಡಿದು ನಿಂತಿದ್ದೆ. ಪಕ್ಕದ ಮನೆಯ ಅಜ್ಜಿ ಕರೆದು ನೀರು ತುಂಬಿಸಿ, ಬಿಸ್ಕತ್ತನ್ನೂ ಕೊಟ್ಟರು.

ಸ್ವಲ್ಪ ಉತ್ತರಕ್ಕೆ ಹೋದರೆ ಮ್ಯಾಕ್ರಿ ಬಯಲಿನ ನಿಂತ ಕಲ್ಲುಗಳಿಗೆ ದಾರಿ. ಸೈಕಲ್ಲನ್ನು ರಸ್ತೆ ಬದಿಯ ಬೇಲಿಗೆ ಬೀಗ ಹಾಕಿ, ಹೊಲದ ದಾರಿಯಲ್ಲಿ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ನಡೆಯಬೇಕು. ನಾಲ್ಕು ಸಾವಿರ ವರ್ಷ ಹಿಂದಿನ ಕಲ್ಲಿನ ವೃತ್ತಗಳು. ಅವುಗಳಲ್ಲಿ ಮೂರು ಕೆಂಪು ಕಲ್ಲುಗಳು ಆಳಿಗಿಂತ ಎರಡು ಮೂರು ಪಟ್ಟು ಎತ್ತರ, ಬಯಲಿನ ನಡುವೆ ಸುಮ್ನೆ ನಿಂತಿವೆ. ಟಿಕೆಟ್ ಇಲ್ಲ, ಕಾವಲು ಇಲ್ಲ. ಅಪ್ಪ ಒಂದು ಕಲ್ಲಿಗೆ ಕೈ ಇಟ್ಟು ಬಹಳ ಹೊತ್ತು ನಿಂತಿದ್ದರು, ಏನೂ ಮಾತಾಡಲಿಲ್ಲ.

ವಾಪಸ್ ಬರುವಾಗ ಅವರ ಕಾಲಿಗೆ ಏನೋ ಅಂಟಿತ್ತು. ಬಗ್ಗಿ ನೋಡಿ, "ಇದು ನಮ್ಮ ಉಣುಗೇ ಕಣೋ" ಅಂದರು. ಹೌದು, ಮಲೆನಾಡಿನ ಉಣುಗಿನ ನೆಂಟನೇ. ಜಿಂಕೆ, ಕುರಿ ಇರುವ ಕಡೆ ಹುಲ್ಲು ಮತ್ತು ಜರಿಗಿಡದಲ್ಲಿ ಕಾದಿರುತ್ತದೆ. ಇಲ್ಲಿಯ ಉಣುಗಿನಿಂದ ಲೈಮ್ ಎಂಬ ಕಾಯಿಲೆ ಬರಬಹುದು. ಹುಲ್ಲಿನಲ್ಲಿ ನಡೆಯುವಾಗ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಸಂಜೆ ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಬೆಂಕಿಕಡ್ಡಿ ಸುಡುವುದು, ಎಣ್ಣೆ ಹಚ್ಚುವುದು ಬೇಡ. ಕೆಲವು ದಿನ ಅಥವಾ ವಾರಗಳ ನಂತರ ಸುತ್ತ ಕೆಂಪು ಬಳೆ ಎದ್ದರೆ ಡಾಕ್ಟರ ಹತ್ತಿರ ಹೋಗಿ.

ಈಗ ಪಶ್ಚಿಮ ದಂಡೆಯ ರಸ್ತೆಯ ಬಗ್ಗೆ. ಮ್ಯಾಕ್ರಿಯಿಂದ ಕ್ಯಾಟಕಾಲ್‌ವರೆಗೆ ಸಮುದ್ರಕ್ಕೆ ಅಂಟಿಕೊಂಡು, ಹೆಚ್ಚುಕಡಿಮೆ ಸಮತಟ್ಟಾಗಿ ಹೋಗುತ್ತದೆ. ನಡುವೆ ಇಮಾಕರ್ ಹತ್ತಿರ ಒಂದು ಚಿಕ್ಕ ಏರು ಮಾತ್ರ. ಇಷ್ಟು ಬೆಟ್ಟವಿರುವ ದ್ವೀಪದಲ್ಲಿ ಇಷ್ಟು ಸಮತಟ್ಟು ಜಾಗ ಎಲ್ಲಿಂದ ಬಂತು? ಇದು ಹಳೆಯ ಸಮುದ್ರ ದಂಡೆ. ಹಿಮಯುಗದಲ್ಲಿ ಇಲ್ಲಿಯ ನೆಲದ ಮೇಲೆ ಮಂಜುಗಡ್ಡೆಯ ಭಾರ ಕೂತಿತ್ತು. ಅದು ಕರಗಿದ ಮೇಲೆ, ಹಾಸಿಗೆಯ ಮೇಲಿಂದ ಎದ್ದರೆ ಹಾಸಿಗೆ ಮೇಲೆ ಬರುವ ಹಾಗೆ ನೆಲ ಮೆಲ್ಲಗೆ ಎದ್ದಿತು. ಆಗಿನ ದಂಡೆ ಈಗ ನೀರಿಗಿಂತ ಕೆಲವು ಮೀಟರ್ ಮೇಲಿದೆ, ರಸ್ತೆ ಓಡುವುದು ಅದರ ಮೇಲೆ. ಬಲಕ್ಕೆ ತಿರುಗಿ ನೋಡಿದರೆ ಹಳೆಯ ಸಮುದ್ರ ಕೊರೆದ ಬಂಡೆ, ಗುಹೆಗಳು ಈಗ ಒಣನೆಲದಲ್ಲಿ ನಿಂತಿರುವುದು ಕಾಣುತ್ತದೆ. ಬ್ಲ್ಯಾಕ್‌ವಾಟರ್‌ಫುಟ್ ಹತ್ತಿರದ ರಾಜನ ಗುಹೆ ಇಂಥದ್ದೇ. ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್ ಅಲ್ಲಿ ಅಡಗಿದ್ದಾಗ ಜೇಡನನ್ನು ನೋಡಿ ಧೈರ್ಯ ತಂದುಕೊಂಡ ಅಂತ ಊರಿನವರು ಹೇಳುತ್ತಾರೆ. ಆ ಜೇಡನ ಕತೆಯನ್ನು ತಮ್ಮದು ಅನ್ನುವ ಗುಹೆ ಬೇರೆ ಕಡೆಯೂ ಇವೆ.

ಬೆನ್ನಿಗೆ ಗಾಳಿ ಇದ್ದರೆ ಈ ಹಾದಿಯಲ್ಲಿ ಸೈಕಲ್ ತಾನೇ ಹೋಗುತ್ತದೆ. ಇಲ್ಲಿ ಬೇಗ ಹೋಗಬೇಡಿ. ನೀರಿನಲ್ಲಿ ಕಂದು ತಲೆ ಕಂಡರೆ ಅದು ಸೀಲ್ ಆಗಿರಬಹುದು, ನೀರುನಾಯಿಯೂ ಆಗಿರಬಹುದು.

ಕ್ಯಾಟಕಾಲ್‌ನಲ್ಲಿ ಒಂದೇ ಸಾಲಿನಲ್ಲಿ ಹನ್ನೆರಡು ಬಿಳಿ ಮನೆಗಳಿವೆ, ಹನ್ನೆರಡು ಶಿಷ್ಯರು ಅಂತ ಕರೆಯುತ್ತಾರೆ. ಮೇಲಿನ ಕಿಟಕಿಗಳನ್ನು ಗಮನಿಸಿ, ಒಂದರ ಆಕಾರ ಇನ್ನೊಂದಕ್ಕಿಲ್ಲ. ಮೀನಿಗೆ ಹೋದ ಗಂಡ, ಹೆಂಡತಿ ದೀಪ ಇಟ್ಟ ಕಿಟಕಿಯ ಆಕಾರ ನೋಡಿ ತನ್ನ ಮನೆ ಕರೆಯುತ್ತಿದೆ ಅಂತ ತಿಳಿಯುತ್ತಿದ್ದ ಎಂಬ ಕತೆ ಇದೆ. ಮನೆ ಕಟ್ಟಿದ ಕಾರಣ ಮಾತ್ರ ಅಷ್ಟು ಚೆಂದದ್ದಲ್ಲ. ಜಮೀನ್ದಾರರು ಬೇಟೆಯ ಜಿಂಕೆಗಾಗಿ ಕಣಿವೆಯ ಜನರನ್ನು ಎಬ್ಬಿಸಿ ದಂಡೆಗೆ ತಂದು ಇಲ್ಲಿ ಕೂರಿಸಿದರು. ಅದಕ್ಕೂ ಮೊದಲು, 1829ರಲ್ಲಿ, ಕುರಿ ಸಾಕಣೆಗಾಗಿ ನೆಲ ಕಳೆದುಕೊಂಡ ಜನ ಲ್ಯಾಮ್ಲಾಶ್‌ನಿಂದ ಹಡಗು ಹತ್ತಿ ಕೆನಡಾಕ್ಕೆ ಹೋದರು. ಶರಾವತಿಯಲ್ಲಿ ಮುಳುಗಿದ ಊರುಗಳವರ ಮಾತು ಕೇಳಿ ಬೆಳೆದ ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲೆ ಲಾಕ್‌ರಾಂಜಾ. ಕೊಲ್ಲಿಯ ನಡುವಿನ ನೆಲದ ನಾಲಿಗೆಯ ಮೇಲೆ ಪಾಳು ಕೋಟೆ, ಅದರ ಸುತ್ತ ಯಾವ ಹೆದರಿಕೆಯೂ ಇಲ್ಲದೆ ಮೇಯುವ ಕೆಂಪು ಜಿಂಕೆ. ಊರಿನ ಉತ್ತರಕ್ಕೆ ದಂಡೆಯಲ್ಲಿ ನಡೆದು ಹೋದರೆ 1787ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ನೋಡಿದ ಬಂಡೆಗಳಿವೆ. ಓರೆಯಾಗಿ ನಿಂತ ಹಳೆಯ ಪದರದ ಮೇಲೆ ಬೇರೆ ದಿಕ್ಕಿಗೆ ಬಾಗಿದ ಹೊಸ ಪದರ ಕೂತಿದೆ. ಇವೆರಡರ ನಡುವೆ ಎಣಿಸಲಾಗದಷ್ಟು ಕಾಲ ಕಳೆದಿರಬೇಕು, ಹಾಗಾದರೆ ಭೂಮಿ ಜನ ಅಂದುಕೊಂಡದ್ದಕ್ಕಿಂತ ಎಷ್ಟೋ ಹಳೆಯದು ಎಂಬ ಯೋಚನೆಗೆ ಇಂಥ ಬಂಡೆಗಳೇ ಆಧಾರ. ನೋಡಲು ಸಾಧಾರಣ ಬಂಡೆಗಳು, ಗೊತ್ತಿಲ್ಲದಿದ್ದರೆ ದಾಟಿಹೋಗುತ್ತೀರಿ.

ಲಾಕ್‌ರಾಂಜಾದಲ್ಲಿ ಹೊಟ್ಟೆ ತುಂಬಾ ತಿನ್ನಬೇಡಿ. ಮುಂದೆ ಬೋಗಿಲಿ. ಇಡೀ ಸುತ್ತಿನ ದೊಡ್ಡ ಏರು ಇದೇ, ಸಮುದ್ರ ಮಟ್ಟದಿಂದ ಸುಮಾರು 200 ಮೀಟರಿಗೆ. ಊರು ಬಿಟ್ಟ ಮೇಲೆ ಮೊದಲು ಮೆಲ್ಲಗೆ, ಆಮೇಲೆ ಕಡಿದಾಗಿ ಹತ್ತುತ್ತದೆ. ರಸ್ತೆ ಪೂರ್ತಿ ಮುಂದೆ ಕಾಣುವುದೇ ಇದರ ತೊಂದರೆ. ಆಗುಂಬೆಯಲ್ಲಿ ತಿರುವು ಮುಂದಿನದನ್ನು ಮುಚ್ಚಿಡುತ್ತದೆ, ಮನಸ್ಸಿಗೆ ಅದು ಸುಲಭ. ಇಲ್ಲಿ ತಲೆ ಎತ್ತಿದರೆ ಏರೇ. ಹಾಗಾಗಿ ತಲೆ ಎತ್ತಬೇಡಿ. ಮುಂದಿನ ಚಕ್ರದಿಂದ ಹತ್ತು ಅಡಿ ದೂರ ನೋಡುತ್ತಾ, ಮೂಗಿನಲ್ಲಿ ಉಸಿರಾಡುವಷ್ಟು ನಿಧಾನಕ್ಕೆ ತುಳಿಯಿರಿ. ಇಳಿದು ತಳ್ಳಿದರೂ ಇಪ್ಪತ್ತು ನಿಮಿಷ ಹೆಚ್ಚು, ಅಷ್ಟೇ. ಮೇಲೆ ಬಂದಾಗ ಬಲಕ್ಕೆ ಗ್ರಾನೈಟ್ ಶಿಖರಗಳ ಗರಗಸ. ನಿನ್ನೆ ಕಂಡ ಹುಲ್ಲಿನ ದಕ್ಷಿಣ ಇದೇ ದ್ವೀಪದ್ದಾ ಅನಿಸುತ್ತದೆ. ದ್ವೀಪದ ನಡುವೆ ಹೈಲ್ಯಾಂಡ್ ಸೀಳು ಎಂಬ ಭೂಪದರದ ದೊಡ್ಡ ಬಿರುಕು ಹಾದುಹೋಗುವುದರಿಂದ ಉತ್ತರ ಒಂದು ಥರ, ದಕ್ಷಿಣ ಇನ್ನೊಂದು ಥರ. ಇದನ್ನು ಪುಟ್ಟ ಸ್ಕಾಟ್ಲೆಂಡ್ ಅಂತ ಕರೆಯುವುದು ಇದಕ್ಕೇ.

ಇಳಿಯುವ ಮೊದಲು ಜಾಕೆಟ್ ಹಾಕಿಕೊಳ್ಳಿ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ಬಿಟ್ಟುಬಿಟ್ಟು ಹಿಡಿಯಿರಿ. ಕೆಳಗೆ ಸ್ಯಾನಕ್ಸ್, ಕಾರಿ, ಆಮೇಲೆ ಬ್ರಾಡಿಕ್. ಈ ಕೊನೆಯ 12 ಕಿ.ಮೀ. ಮತ್ತೆ ಅದೇ ಹಳೆಯ ದಂಡೆಯ ಸಮತಟ್ಟು. ಕಾರಿಯ ಪುಟ್ಟ ಬಂದರಿನಲ್ಲಿ ದೋಣಿ ಕಟ್ಟುವ ಗೂಟಗಳಿಗೆ ಕುರಿಯ ಹಾಗೆ ಬಣ್ಣ ಬಳಿದಿದ್ದಾರೆ. ಬ್ರಾಡಿಕ್ ಕೋಟೆಯ ಮರಗಳಲ್ಲಿ ಕೆಂಪು ಅಳಿಲು ಇವೆ, ರಸ್ತೆ ದಾಟುತ್ತವೆ, ನಿಧಾನ ಹೋಗಿ.

ಸಮಯ ಕಡಿಮೆ ಇದ್ದರೆ

ಒಂದೇ ದಿನ ಇದ್ದರೆ ಅರ್ಧ ಸುತ್ತು ಹಾಕಿ. ಬ್ರಾಡಿಕ್‌ನಿಂದ ದ್ವೀಪವನ್ನು ಅಡ್ಡ ದಾಟುವ ಸ್ಟ್ರಿಂಗ್ ಎಂಬ ರಸ್ತೆ ಇದೆ, ಎತ್ತರ 234 ಮೀಟರ್. ಅದನ್ನು ಹತ್ತಿ ಮ್ಯಾಕ್ರಿಗೆ ಇಳಿದು, ಅಲ್ಲಿಂದ ಉತ್ತರದ ಸುತ್ತು ಹಾಕಿ ಬಂದರೆ ಸುಮಾರು 60 ಕಿ.ಮೀ. ದೊಡ್ಡ ಏರು ಎರಡೇ, ಉಳಿದದ್ದು ಸಮುದ್ರ ದಂಡೆ. ಅಪ್ಪ ಇ-ಬೈಕಿನಲ್ಲಿ ಮಾಡಿದ್ದು ಇದನ್ನೇ. ಸ್ಟ್ರಿಂಗ್ ಏರಿನಲ್ಲಿ ನನ್ನನ್ನು ದಾಟಿ ಹೋಗಿ ಮೇಲೆ ಕಾಯುತ್ತಿದ್ದರು. ಇ-ಬೈಕ್ ಆದರೆ ಬ್ಯಾಟರಿಯನ್ನು ಬೋಗಿಲಿಗೆ ಉಳಿಸಿಕೊಳ್ಳಬೇಕು. ಪಶ್ಚಿಮ ದಂಡೆಯಲ್ಲಿ ಕಡಿಮೆ ಬಲಕ್ಕೆ ಇಳಿಸಿ, ಗಾಳಿ ತಳ್ಳುತ್ತದೆ.

ಬೋಟ್ ಹೊರಡುವ ಅರ್ಧ ಗಂಟೆ ಮೊದಲೇ ಬಂದರಿನಲ್ಲಿರಿ. ಸಿಬ್ಬಂದಿ ಕರೆಯುವವರೆಗೆ ಸಾಲಿನಲ್ಲಿ ಕಾಯಬೇಕು. ಒಳಗಿನ ಇಳಿಜಾರು ಒದ್ದೆಯಾಗಿ ಜಾರುತ್ತದೆ, ಅಲ್ಲಿ ಇಳಿದು ನಡೆಸಿಕೊಂಡು ಹೋಗಿ. ಕಾರುಗಳ ಅಟ್ಟದ ಗೋಡೆಗೆ ಸೈಕಲ್ ಒರಗಿಸಿ ಹಗ್ಗ ಬಿಗಿಯಿರಿ. ಬೇಕಾದ್ದನ್ನೆಲ್ಲ ಚೀಲದಿಂದ ತೆಗೆದುಕೊಂಡೇ ಮೇಲೆ ಹತ್ತಿ, ನಡುವೆ ಕೆಳಗೆ ಬಿಡುವುದಿಲ್ಲ. ಮೇಲೆ ಹೋದ ಮೇಲೆ ಹಿಂಬದಿಯ ಬೆಂಚಿನಲ್ಲಿ ಕೂರಿ, ಗೋಟ್‌ಫೆಲ್ ಕಾಣುವುದು ಅಲ್ಲಿಂದ.